ಅಮೆರಿಕಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ಮನೆಯಲ್ಲೇ ಕೂತು ಲೆಕ್ಕ ಹಾಕುವ ಬಗೆ

ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾಗಿದ್ದು 2008ರಲ್ಲಿ. ಅದಾದ ಮೇಲೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಎಷ್ಟೋ ಮನೆಗಳಲ್ಲಿ ವಿಮಾನದ ಮಾತು ಮಾಮೂಲಾಗಿದೆ. ಮಗ ಕ್ಯಾಲಿಫೋರ್ನಿಯಾದಲ್ಲಿ, ಮಗಳು ಲಂಡನ್ನಿನಲ್ಲಿ, ತಮ್ಮ ದುಬೈನಲ್ಲಿ. ಮಗಳ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಮೊದಲ ಸಲ ಹೊರಡುತ್ತಾರೆ. ಆಗ ಮನೆಗೆ ಬಂದವರೆಲ್ಲ ಕೇಳುವುದು ಒಂದೇ, ಎಷ್ಟು ದೂರ, ಎಷ್ಟು ಹೊತ್ತಾಗುತ್ತೆ? ಒಬ್ಬರು ಹದಿನೇಳು ಗಂಟೆ ಅನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತಮೂರು ಅನ್ನುತ್ತಾರೆ. ಟಿಕೆಟ್ ನೋಡಿದರೆ ಬೆಳಗಿನ ಜಾವ ಹೊರಟು ಅದೇ ದಿನ ಮಧ್ಯಾಹ್ನ ಇಳಿಯುವ ಹಾಗೆ ಬರೆದಿರುತ್ತದೆ. ಮೂರೂ ಸರಿಯೇ. ಒಂದು ನೇರ ವಿಮಾನದ ಹೊತ್ತು, ಇನ್ನೊಂದು ದಾರಿಯಲ್ಲಿ ಇಳಿದು ಹತ್ತುವುದನ್ನೂ ಸೇರಿಸಿದ್ದು, ಮತ್ತೊಂದು ಬರೀ ಗಡಿಯಾರದ ಆಟ.

ಆದರೆ ಅರವತ್ತೈದು ದಾಟಿದ, ಬಿಪಿ ಶುಗರ್ ಮಾತ್ರೆ ತಗೊಳ್ಳುವ ಅಮ್ಮನಿಗೆ ಬೇಕಾದ ಲೆಕ್ಕ ಈ ಮೂರರಲ್ಲಿ ಯಾವುದೂ ಅಲ್ಲ. ಅವರಿಗೆ ಬೇಕಾಗಿರುವುದು ನಮ್ಮ ಮನೆ ಬಾಗಿಲು ದಾಟಿದ ಕ್ಷಣದಿಂದ ಮಗಳ ಮನೆಯೊಳಗೆ ಕಾಲಿಡುವ ತನಕದ ಹೊತ್ತು. ಅದನ್ನು ಯಾವ ಟಿಕೆಟ್ಟೂ ಹೇಳುವುದಿಲ್ಲ, ನಾವೇ ಕೂಡಿಸಬೇಕು. ಕಷ್ಟವೇನಿಲ್ಲ. ದೂರದಿಂದ ಶುರು ಮಾಡೋಣ.

ಮೊದಲು ಎರಡೂ ಕಡೆಯ ಏರ್‌ಪೋರ್ಟಿನ ಮೂರಕ್ಷರದ ಕೋಡ್ ಬರೆದಿಟ್ಟುಕೊಳ್ಳಿ. ನಮ್ಮದು ಬಿಎಲ್‌ಆರ್. ಸ್ಯಾನ್ ಫ್ರಾನ್ಸಿಸ್ಕೋ ಎಸ್‌ಎಫ್‌ಓ. ಊರಿನ ಹೆಸರು ಮಾತ್ರ ಹಾಕಿ ಹುಡುಕಬೇಡಿ. ಲಂಡನ್ನಿನ ಹೆಸರಲ್ಲಿ ಹೀಥ್ರೂ, ಗ್ಯಾಟ್‌ವಿಕ್ ಅಂತ ಹಲವು ಏರ್‌ಪೋರ್ಟ್‌ಗಳಿವೆ. ಸ್ಯಾನ್ ಹೊಸೆ ಅನ್ನುವ ಊರು ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾ ದೇಶದಲ್ಲೂ ಇದೆ. ಮೊದಲನೆಯದು ಎಸ್‌ಜೆಸಿ, ಎರಡನೆಯದು ಎಸ್‌ಜೆಓ. ಒಂದಕ್ಷರ ತಪ್ಪಿದರೆ ದೇಶವೇ ಬೇರೆಯಾಗುತ್ತದೆ.

ದೂರ ಅಳೆಯಲು ಗೋಡೆಯ ಮೇಲಿನ ಭೂಪಟ ನಂಬಬೇಡಿ. ಅದರಲ್ಲಿ ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಹೋದ ಹಾಗೆ ಕಾಣುತ್ತದೆ. ಭೂಮಿ ದುಂಡಗಿರುವುದರಿಂದ ನಿಜವಾದ ಹತ್ತಿರದ ದಾರಿ ಬೇರೆಯೇ ಇದೆ. ಮಕ್ಕಳ ಹತ್ತಿರ ಗ್ಲೋಬ್ ಇದ್ದರೆ ತಗೊಳ್ಳಿ. ಬೆಂಗಳೂರಿನ ಮೇಲೆ ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ನೇಪಾಳ, ಟಿಬೆಟ್, ಸೈಬೀರಿಯಾ, ಅಲಾಸ್ಕಾ ಮೇಲೆ ಕೂರುತ್ತದೆ. ಅದೇ ಹತ್ತಿರದ ದಾರಿ. ಈಗ ಅಷ್ಟುದ್ದದ ದಾರವನ್ನು ಸ್ಕೇಲಿನಲ್ಲಿ ಅಳೆಯಿರಿ. ಮೂವತ್ತು ಸೆಂಟಿಮೀಟರ್ ಅಡ್ಡಳತೆಯ ಗ್ಲೋಬ್ ಆದರೆ ಅದರ ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ.ಗೆ ಸ್ವಲ್ಪ ಜಾಸ್ತಿ. ಅಂದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ದಾರ 33 ಸೆಂ.ಮೀ. ಬಂದರೆ 14,000 ಕಿ.ಮೀ. ಆಯಿತು. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಇದನ್ನು ಅವರ ಕೈಲೇ ಮಾಡಿಸಿ, ಭೂಗೋಳದ ಪಾಠ ಇದಕ್ಕಿಂತ ಚೆನ್ನಾಗಿ ತಲೆಗೆ ಹತ್ತುವುದಿಲ್ಲ.

ಲೆಕ್ಕ ಮಾಡಿ ನೋಡುವ ಆಸೆ ಇರುವವರಿಗೆ ಸುಲಭದ್ದು ದೆಹಲಿ. ದೆಹಲಿ ನಮ್ಮ ತಲೆಯ ಮೇಲೆ ನೇರ ಉತ್ತರಕ್ಕಿದೆ, ರೇಖಾಂಶ ಹೆಚ್ಚುಕಡಿಮೆ ಒಂದೇ. ದೆಹಲಿ ಏರ್‌ಪೋರ್ಟಿನ ಅಕ್ಷಾಂಶ 28.56, ನಮ್ಮದು 13.20. ಕಳೆದರೆ 15.36 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ. ಗುಣಿಸಿ, 1,705 ಕಿ.ಮೀ. ರಸ್ತೆಯಲ್ಲಿ ಹೋದರೆ ಎರಡು ಸಾವಿರ ದಾಟುತ್ತದೆ.

ಪೂರ್ವ ಪಶ್ಚಿಮಕ್ಕೆ ದೂರವಿರುವ ಊರಿಗೆ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಬೇಕು, ಮೊಬೈಲ್ ಅಡ್ಡ ಹಿಡಿದರೆ ಅದರಲ್ಲೇ ಬರುತ್ತದೆ. ಡಿಗ್ರಿಯಲ್ಲಿಟ್ಟುಕೊಳ್ಳಿ. ಬೆಂಗಳೂರು ಉತ್ತರ 13.2, ಪೂರ್ವ 77.7. ಸ್ಯಾನ್ ಫ್ರಾನ್ಸಿಸ್ಕೋ ಉತ್ತರ 37.6, ಪಶ್ಚಿಮ 122.4. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಿಸಬೇಕು, 200.1 ಬರುತ್ತದೆ. 180 ದಾಟಿದರೆ 360ರಿಂದ ಕಳೆಯಿರಿ, 159.9. ಈಗ ಎರಡು ಅಕ್ಷಾಂಶಗಳ ಸೈನ್ ಗುಣಿಸಿದರೆ 0.139. ಎರಡು ಅಕ್ಷಾಂಶಗಳ ಕೊಸೈನ್ ಗುಣಿಸಿ, ಅದನ್ನು 159.9ರ ಕೊಸೈನ್‌ನಿಂದ ಮತ್ತೆ ಗುಣಿಸಿದರೆ ಮೈನಸ್ 0.724. ಎರಡನ್ನೂ ಸೇರಿಸಿದರೆ ಮೈನಸ್ 0.585. ಇದು ಯಾವ ಕೋನದ ಕೊಸೈನ್ ಅಂತ ಕ್ಯಾಲ್ಕ್ಯುಲೇಟರನ್ನು ಕೇಳಿದರೆ 125.8 ಡಿಗ್ರಿ ಅನ್ನುತ್ತದೆ. ಅದನ್ನು 111.2ರಿಂದ ಗುಣಿಸಿ. ಸುಮಾರು 13,990 ಕಿ.ಮೀ.

ಇಷ್ಟೆಲ್ಲ ಯಾಕೆ ಅನ್ನುವವರು ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಏರ್‌ಪೋರ್ಟ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆ ಹಿಡಿದು ಇನ್ನೊಂದು ಏರ್‌ಪೋರ್ಟ್ ಮೇಲೆ ಕ್ಲಿಕ್ ಮಾಡಿ. ಗೆರೆ ಬಾಗಿ ಹೋಗುವುದು ಕಾಣುತ್ತದೆ. ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ವೆಬ್‌ಸೈಟಿನಲ್ಲಿ ಎರಡು ಕೋಡ್ ಹಾಕಿದರೂ ಸಾಕು. ಒಂದು ಎಚ್ಚರಿಕೆ, ಉತ್ತರ ಯಾವ ಅಳತೆಯಲ್ಲಿದೆ ನೋಡಿ. ಇದೇ ದೂರ ಮೈಲಿಯಲ್ಲಿ ಸುಮಾರು 8,690, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 7,550. ಒಬ್ಬರು ಎಂಟು ಸಾವಿರ, ಇನ್ನೊಬ್ಬರು ಹದಿನಾಲ್ಕು ಸಾವಿರ ಅಂತ ವಾದ ಮಾಡುತ್ತಿದ್ದರೆ ಕಾರಣ ಬಹುಶಃ ಇದೇ. ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಮಾಮೂಲಿ ಮೈಲಿ 1.609.

ನಮ್ಮ ಕಡೆಯವರು ಜಾಸ್ತಿ ಹೋಗುವ ಬೇರೆ ಊರುಗಳ ನೇರ ದೂರವನ್ನೂ ಹೇಳಿಬಿಡುತ್ತೇನೆ. ದೇವನಹಳ್ಳಿಯಿಂದ ದುಬೈ ಸುಮಾರು 2,700 ಕಿ.ಮೀ., ಸಿಂಗಪುರ 3,180, ಫ್ರಾಂಕ್‌ಫರ್ಟ್ 7,400, ಲಂಡನ್ ಹೀಥ್ರೂ 8,050, ಸಿಡ್ನಿ 9,350.

ಈಗ ಹೊತ್ತಿನ ವಿಷಯ. ದೊಡ್ಡ ಜೆಟ್ ವಿಮಾನ ಮೇಲೆ ಹೋದಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಓಡುತ್ತದೆ. ಆದರೆ ಹೊರಟ ತಕ್ಷಣ ಆ ವೇಗ ಬರುವುದಿಲ್ಲ. ಗೇಟಿನಿಂದ ರನ್‌ವೇವರೆಗೆ ಮೆಲ್ಲಗೆ ಹೋಗಬೇಕು, ಹತ್ತು ಸಾವಿರ ಅಡಿ ಕೆಳಗಿರುವಾಗ ವೇಗಕ್ಕೆ ಮಿತಿ ಇದೆ, ಇಳಿಯುವಾಗ ಸರದಿ ಸಿಗದಿದ್ದರೆ ಸುತ್ತು ಹೊಡೆಯಬೇಕು. ಹಾಗಾಗಿ ನಾನು ಹೇಳುವ ಸುಲಭ ಸೂತ್ರ ಇಷ್ಟೇ. ಕಿಲೋಮೀಟರನ್ನು 850ರಿಂದ ಭಾಗಿಸಿ, ಅದಕ್ಕೆ ಅರ್ಧ ಗಂಟೆ ಸೇರಿಸಿ. ದುಬೈಗೆ ಹಾಕಿದರೆ ಮೂರು ಮುಕ್ಕಾಲು ಗಂಟೆ ಹತ್ತಿರ ಬರುತ್ತದೆ, ಟಿಕೆಟ್ಟಿನಲ್ಲಿ ಸುಮಾರು ನಾಲ್ಕು ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹೋದರೆ ಹದಿನೇಳು ಗಂಟೆ. ಅಂದಾಜಿಗೆ ಇದು ಧಾರಾಳ ಸಾಕು.

ಆದರೂ ಹೋಗುವ ಹೊತ್ತು, ಬರುವ ಹೊತ್ತು ಒಂದೇ ಇರುವುದಿಲ್ಲ. ಕಾರಣ ಗಾಳಿ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಬಲವಾದ ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹೊಳೆಯಲ್ಲಿ ತೆಪ್ಪ ಹರಿವಿನ ಜೊತೆ ಹೋದರೆ ಬೇಗ, ಎದುರು ಹೋದರೆ ತಡ, ಇದೂ ಹಾಗೆಯೇ. ಅದಕ್ಕೇ ಲಂಡನ್ನಿಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದು ಸುಮಾರು ಒಂದು ಗಂಟೆ ಕಡಿಮೆ.

ಎರಡನೇ ಕಾರಣ ದಾರಿ. ದಾರ ಎಳೆದ ಹಾಗೆ ವಿಮಾನ ಹೋಗುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಹಾರುವುದನ್ನು ಆದಷ್ಟು ತಪ್ಪಿಸುತ್ತಾರೆ, ಯಾಕೆಂದರೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ವಿಮಾನ ತಕ್ಷಣ ಹತ್ತು ಸಾವಿರ ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಜೊತೆಗೆ ದೇಶಗಳ ಜಗಳ. 2022ರ ಯುಕ್ರೇನ್ ಯುದ್ಧದ ನಂತರ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಹೀಗಾದಾಗ ಒಂದೇ ಊರಿಗೆ ಒಂದು ಕಂಪನಿಯ ವಿಮಾನ ಸುತ್ತು ಹಾಕಿ ಹೋಗುತ್ತದೆ, ಇನ್ನೊಂದರದ್ದು ನೇರ ಹೋಗುತ್ತದೆ. ಆದ್ದರಿಂದ ಟಿಕೆಟ್ ತಗೊಳ್ಳುವ ಮುಂಚೆ ಫ್ಲೈಟ್‌ರಾಡಾರ್24 ಆ್ಯಪಿನಲ್ಲಿ ಆ ವಿಮಾನದ ನಂಬರ್ ಹಾಕಿ, ಹಿಂದಿನ ಒಂದು ವಾರ ನಿಜವಾಗಿ ಎಷ್ಟು ಹೊತ್ತು ಹಾರಿದೆ, ಎಷ್ಟು ಹೊತ್ತಿಗೆ ಇಳಿದಿದೆ ಅಂತ ನೋಡಿ. ಯಾವ ಸೂತ್ರಕ್ಕಿಂತಲೂ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಇನ್ನು ಎಲ್ಲರ ತಲೆ ತಿರುಗಿಸುವ ಗಡಿಯಾರ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ಇಳಿಯುವ ಸಮಯ ಇಳಿಯುವ ಊರಿನದ್ದು. ಎರಡನ್ನೂ ನೇರವಾಗಿ ಕಳೆಯಬಾರದು. ಮೊದಲು ಎರಡನ್ನೂ ನಮ್ಮ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ. ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಿದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ವಿಮಾನ ಅದು, ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ನಮ್ಮ ದೇವನಹಳ್ಳಿಗೆ ಬಂತು. ನೆನೆಸಿಕೊಂಡರೆ ಈಗಲೂ ಹೆಮ್ಮೆಯಾಗುತ್ತದೆ. ವೇಳಾಪಟ್ಟಿ ಪ್ರಕಾರ ಅಲ್ಲಿ ಹೊರಡುವುದು 9ನೇ ತಾರೀಖು ರಾತ್ರಿ 8.30, ಇಲ್ಲಿ ಇಳಿಯುವುದು 11ನೇ ತಾರೀಖು ಬೆಳಗಿನ ಜಾವ 3.45. ಸುಮ್ನೆ ಕಳೆದರೆ 31 ಗಂಟೆ ಮೇಲೆ! ಆದರೆ ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ 9ರ ರಾತ್ರಿ 8.30 ಆದಾಗ ಇಲ್ಲಿ 10ರ ಬೆಳಗ್ಗೆ 10 ಗಂಟೆ. ಬೆಳಗ್ಗೆ 10ರಿಂದ ಮರುದಿನ 3.45ಕ್ಕೆ ಹದಿನೇಳು ಮುಕ್ಕಾಲು ಗಂಟೆ, ಅಷ್ಟೇ.

ಚಳಿಗಾಲದಲ್ಲಿ ಅಂತ ಬೇಕೆಂದೇ ಹೇಳಿದೆ. ನಮ್ಮಲ್ಲಿ ವರ್ಷವಿಡೀ ಒಂದೇ ಸಮಯ, ಅವರಲ್ಲಿ ಹಾಗಲ್ಲ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕಿ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಹಾಗಾಗಿ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹನ್ನೆರಡೂವರೆ ಗಂಟೆ ಹಿಂದೆ. ಲಂಡನ್ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ದುಬೈ ಯಾವಾಗಲೂ ಒಂದೂವರೆ ಗಂಟೆ ಹಿಂದೆ, ಸಿಂಗಪುರ ಯಾವಾಗಲೂ ಎರಡೂವರೆ ಗಂಟೆ ಮುಂದೆ, ಅವರಿಗೆ ಈ ಗೊಡವೆ ಇಲ್ಲ.

ನೇರ ವಿಮಾನ ಇಲ್ಲದಿದ್ದರೆ ಅಥವಾ ದುಬಾರಿ ಅನ್ನಿಸಿದರೆ ಮಧ್ಯೆ ಇಳಿಯಬೇಕು. ಎಲ್ಲಿ ಇಳಿದರೆ ಸುತ್ತು ಕಡಿಮೆ? ಎರಡು ತುಂಡಿನ ದೂರ ಕೂಡಿಸಿ ನೋಡಿ. ದುಬೈ ಮೇಲೆ ಹೋದರೆ 2,700 ಮತ್ತು 13,000 ಸೇರಿ 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ ಸುಮಾರು 16,550. ಸಿಂಗಪುರದ ಮೇಲೆ 16,800 ಹತ್ತಿರ. ದೆಹಲಿ ಮೇಲೆ ಹೋದರೆ? ಸುಮಾರು 14,100. ನೇರ ದೂರಕ್ಕಿಂತ ನೂರು ಕಿಲೋಮೀಟರ್ ಅಷ್ಟೇ ಜಾಸ್ತಿ, ಯಾಕೆಂದರೆ ನಮ್ಮ ದಾರ ಹೇಗೂ ಉತ್ತರಕ್ಕೇ ಹೋಗುತ್ತಿತ್ತು ಅಲ್ವಾ. ಆದರೆ ದೂರ ಕಡಿಮೆ ಅಂದಮಾತ್ರಕ್ಕೆ ಹೊತ್ತು ಕಡಿಮೆ ಅಲ್ಲ. ದೆಹಲಿಯಲ್ಲಿ ಏಳು ಗಂಟೆ ಕಾಯಿಸುವ ಟಿಕೆಟ್ಟಿಗಿಂತ ದುಬೈನಲ್ಲಿ ಮೂರು ಗಂಟೆ ಕಾಯಿಸುವುದು ಬೇಗ ತಲುಪಿಸುತ್ತದೆ. ಸಾವಿರದೇಳುನೂರು ಕಿ.ಮೀ. ಸುತ್ತು ಅಂದರೆ ಬರೀ ಎರಡು ಗಂಟೆ.

ಕಾಯುವ ಹೊತ್ತು ತೀರಾ ಕಡಿಮೆ ಇರುವುದನ್ನೂ ವಯಸ್ಸಾದವರಿಗೆ ಮಾಡಿಸಬೇಡಿ. ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಇಳಿದು, ಮತ್ತೆ ಸೆಕ್ಯುರಿಟಿ ದಾಟಿ, ಇನ್ನೊಂದು ತುದಿಯ ಗೇಟಿಗೆ ಓಡುವುದು ಮಂಡಿ ನೋವಿರುವವರ ಕೈಲಿ ಆಗುವ ಕೆಲಸವಲ್ಲ. ಎರಡೂವರೆಯಿಂದ ನಾಲ್ಕು ಗಂಟೆ ಸರಿಯಾದ ಹೊತ್ತು ಅಂತ ನನ್ನ ಅಭಿಪ್ರಾಯ. ವೀಲ್‌ಚೇರ್ ಬೇಕಿದ್ದರೆ ಎರಡು ದಿನ ಮುಂಚೆಯೇ ಕಂಪನಿಗೆ ತಿಳಿಸಿ. ಎರಡೂ ವಿಮಾನ ಒಂದೇ ಬುಕಿಂಗ್ ನಂಬರಿನಲ್ಲಿರಲಿ. ಬೇರೆ ಬೇರೆ ತಗೊಂಡರೆ ಮೊದಲನೆಯದು ತಡವಾದಾಗ ಎರಡನೆಯದಕ್ಕೆ ಯಾರೂ ಹೊಣೆ ಹೊರುವುದಿಲ್ಲ.

ಅಮೆರಿಕದೊಳಗೆ ಇನ್ನೊಂದು ಊರಿಗೆ ಹೋಗುವವರು ಇದನ್ನು ನೆನಪಿಡಿ. ಯಾವ ಅಮೆರಿಕದ ಏರ್‌ಪೋರ್ಟಿನಲ್ಲಿ ಮೊದಲು ಇಳಿಯುತ್ತೀರೋ ಅಲ್ಲೇ ಇಮಿಗ್ರೇಷನ್. ಅಲ್ಲೇ ಪೆಟ್ಟಿಗೆ ತಗೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ಅಲ್ಲಿ ಮೂರು ಗಂಟೆಯಾದರೂ ಇರಲಿ. ಅಬುಧಾಬಿ ಮೇಲೆ ಹೋಗುವವರಿಗೆ ಒಂದು ಅನುಕೂಲವಿದೆ, ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಸುವ ವ್ಯವಸ್ಥೆ ಇದೆ.

ಈಗ ನಮ್ಮ ಕಡೆಯ ತುದಿ. ಚಿಕ್ಕಬಳ್ಳಾಪುರದಿಂದ ಏರ್‌ಪೋರ್ಟ್ ಮೂವತ್ತು ಕಿ.ಮೀ. ಆಸುಪಾಸು, ಹೈದರಾಬಾದ್ ಹೈವೇಯಲ್ಲಿ ರಾತ್ರಿ ಹೊತ್ತು ಮುಕ್ಕಾಲು ಗಂಟೆ ಸಾಕು. ಶನಿವಾರ, ಭಾನುವಾರ ಸಂಜೆ ಮಾತ್ರ ನಂದಿಬೆಟ್ಟ, ಆದಿಯೋಗಿ ನೋಡಿ ಬೆಂಗಳೂರಿಗೆ ವಾಪಸ್ ಹೋಗುವ ಗಾಡಿಗಳ ಸಾಲು ಸಿಗುತ್ತದೆ, ಎರಡರಷ್ಟು ಹೊತ್ತು ಇಟ್ಟುಕೊಳ್ಳಿ. ಕೋಲಾರದವರಿಗೆ ಹೊಸಕೋಟೆಯಿಂದ ದೇವನಹಳ್ಳಿ ಕಡೆ ತಿರುಗುವ ದಾರಿ ಒಳ್ಳೆಯದು. ತುಮಕೂರಿನವರು ಬೆಂಗಳೂರಿನೊಳಗೆ ಬರಲೇಬೇಡಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಬನ್ನಿ, ಎಂಬತ್ತು ಕಿ.ಮೀ. ಹತ್ತಿರ ಆಗುತ್ತದೆ. ಏರ್‌ಪೋರ್ಟ್ ಹತ್ತಿರ ರೈಲಿನ ಹಾಲ್ಟ್ ಸ್ಟೇಷನ್ ಇದೆ, ಆದರೆ ರೈಲುಗಳು ಕೆಲವೇ. ದೊಡ್ಡ ಪೆಟ್ಟಿಗೆಗಳ ಜೊತೆ ಅದನ್ನು ನೆಚ್ಚಬೇಡಿ. ವಿದೇಶದ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತಿವೆ, ಡ್ರೈವರ್‌ಗೆ ಮೊದಲೇ ಹೇಳಿ. ಮೂರು ಗಂಟೆ ಮುಂಚೆ ಅಲ್ಲಿರಬೇಕು, ಮೊದಲ ಸಲ ಹೋಗುವವರು ನಾಲ್ಕು ಗಂಟೆ ಅಂದುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಸುತ್ತ ಬೆಳಗಿನ ಜಾವ ಮಂಜು ಕವಿಯುತ್ತದೆ. ಆಗ ವಿಮಾನವೂ ತಡ, ರಸ್ತೆಯೂ ನಿಧಾನ.

ತಾರೀಖಿನ ವಿಷಯ ದಯವಿಟ್ಟು ಎರಡು ಸಲ ಓದಿ. ದೂರದ ವಿಮಾನಗಳು ತುಂಬಾ ಮಟ್ಟಿಗೆ ಮಧ್ಯರಾತ್ರಿ ಕಳೆದು ಹೊರಡುತ್ತವೆ. ಟಿಕೆಟ್ಟಿನಲ್ಲಿ 15ನೇ ತಾರೀಖು 3.00 ಅಂತಿದ್ದರೆ ನೀವು ಮನೆ ಬಿಡಬೇಕಾದ್ದು 14ರ ರಾತ್ರಿ ಊಟ ಆದ ಕೂಡಲೇ. 15ರ ರಾತ್ರಿ ಅಂದುಕೊಂಡರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಕ್ಯಾಲೆಂಡರಿನಲ್ಲಿ 14ರ ಮೇಲೆ "ರಾತ್ರಿ 9.30, ಮನೆ ಬಿಡುವುದು" ಅಂತ ಕೆಂಪು ಪೆನ್ನಿನಲ್ಲಿ ಬರೆಯಿರಿ.

ಎಲ್ಲ ಸೇರಿಸಿ ಒಂದು ಪೂರ್ತಿ ಲೆಕ್ಕ ಹಾಕೋಣ. ಚಳಿಗಾಲ, ಶಿಡ್ಲಘಟ್ಟದ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಗೆ, ದುಬೈ ಮೇಲೆ. ಮನೆ ಬಿಟ್ಟಿದ್ದು 14ರ ರಾತ್ರಿ 9.30. ವಿಮಾನ 3 ಗಂಟೆಗೆ, ಅಲ್ಲಿಗೆ ಐದೂವರೆ ಗಂಟೆ ಕಳೆಯಿತು. ದುಬೈಗೆ ನಾಲ್ಕು, ಅಲ್ಲಿ ಕಾಯುವುದು ಮೂರು, ಮುಂದಿನ ವಿಮಾನ ಹದಿನಾರು. ಇಳಿದ ಮೇಲೆ ಇಮಿಗ್ರೇಷನ್, ಪೆಟ್ಟಿಗೆ ಎರಡು ಗಂಟೆ. ಕಾರಿನಲ್ಲಿ ಒಂದು ಗಂಟೆ. ಒಟ್ಟು ಮೂವತ್ತೊಂದೂವರೆ ಗಂಟೆ. ನಮ್ಮ ಗಡಿಯಾರದಲ್ಲಿ ಆಗ 16ರ ಬೆಳಗ್ಗೆ 5, ಅಲ್ಲಿ 15ರ ಮಧ್ಯಾಹ್ನ 3.30. ಟಿಕೆಟ್ ಮಾತ್ರ 15ರ ನಸುಕಿಗೆ ಹೊರಟು 15ರ ಮಧ್ಯಾಹ್ನ 12.30ಕ್ಕೆ ಇಳಿಯುವುದನ್ನು ತೋರಿಸುತ್ತಿತ್ತು. ಒಂಬತ್ತೂವರೆ ಗಂಟೆ ಅಂತ ಅನ್ನಿಸಿದ್ದು ನಿಜವಾಗಿ ಇಪ್ಪತ್ತಮೂರು ಗಂಟೆ, ಮನೆಯಿಂದ ಮನೆಗೆ ಒಂದು ದಿನಕ್ಕಿಂತ ಜಾಸ್ತಿ.

ಮಾತ್ರೆಗಳಿಗೆ ಈ ಮೂವತ್ತೊಂದೂವರೆಯೇ ಲೆಕ್ಕ. ಬೆಳಗ್ಗೆ ರಾತ್ರಿ ಅಂತ ಹೊರಗಿನ ಬೆಳಕು ನೋಡಿ ತಗೊಳ್ಳಲು ಹೋದರೆ ಎರಡು ಸಲ ಆಗಬಹುದು, ಬಿಟ್ಟೂ ಹೋಗಬಹುದು. ಇನ್ಸುಲಿನ್ ತಗೊಳ್ಳುವವರಂತೂ ಈ ಗಂಟೆಗಳ ಪಟ್ಟಿ ಹಿಡಿದು ಮೊದಲೇ ಡಾಕ್ಟರ್ ಹತ್ತಿರ ಹೋಗಿ, ಯಾವ ಗಂಟೆಗೆ ಯಾವುದು ಅಂತ ಬರೆಸಿಕೊಳ್ಳಿ. ಕೈಗಡಿಯಾರ ಮಗಳ ಮನೆ ಮುಟ್ಟುವ ತನಕ ಭಾರತದ ಸಮಯದಲ್ಲೇ ಇರಲಿ. ಮೊಬೈಲ್ ತಾನಾಗಿ ಬದಲಾಗುತ್ತದೆ, ಗಡಿಯಾರ ಬದಲಾಗದಿದ್ದರೆ ಲೆಕ್ಕ ತಪ್ಪುವುದಿಲ್ಲ. ಮಾತ್ರೆ, ಡಾಕ್ಟರ್ ಚೀಟಿ ಎರಡೂ ಕೈಚೀಲದಲ್ಲಿರಲಿ, ಪೆಟ್ಟಿಗೆಯಲ್ಲಿ ಬೇಡ.

ಕರೆದುಕೊಂಡು ಹೋಗಲು ಬರುವ ಮಕ್ಕಳಿಗೂ ಇಳಿಯುವ ಸಮಯ ಕೊಡಬೇಡಿ, ವಿಮಾನದ ನಂಬರ್ ಕೊಡಿ. ಅವರು ಆ್ಯಪಿನಲ್ಲಿ ನೋಡಿಕೊಂಡು ಮನೆಯಿಂದ ಹೊರಡಲಿ. ಇಲ್ಲಿ ಮನೆಯಲ್ಲಿ ಕಾಯುವವರು ವಿಮಾನ ಇಳಿದ ಮೇಲೆ ಎರಡು ಗಂಟೆ ಫೋನ್ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಇಮಿಗ್ರೇಷನ್ ಸಾಲಿನಲ್ಲಿ ಫೋನ್ ಬಳಸಲು ಬಿಡುವುದಿಲ್ಲ, ಅಲ್ಲಿನ ಸಿಮ್ ಕೂಡ ಅವರ ಕೈಗೆ ಸಿಕ್ಕಿರುವುದಿಲ್ಲ.